ದ್ವೀಪದ ಯೋಜನೆಯಿಂದ ಬಿಟ್ಟುಹೋದ ಹಾಳೆ

ಸತ್ತ ಕಾಗೆಗಳನ್ನು ನಾನು ಎಣಿಸಿದ್ದು ನಿಜ. ಎಷ್ಟಿದ್ದವು ಎಂದು ಕೇಳಿದರೆ ತಡವರಿಸುತ್ತೇನೆ. ಡೈರಿಯಲ್ಲಿ ಹದಿನಾಲ್ಕು ಎಂದಿದೆ. ನೆನಪಿನಲ್ಲಿ ಮಾತ್ರ ಇಡೀ ಹಿತ್ತಲು ಕಪ್ಪಗಾಗಿದೆ. ಅದು ಐವತ್ತರ ದಶಕದ ಕೊನೆಯ ಆಷಾಢವೋ ಅದರ ಮುಂದಿನದೋ ಹೇಳಲಾರೆ. ಇಸವಿ ಇದ್ದ ಮೊದಲ ಹಾಳೆಯೇ ಆ ಡೈರಿಯಿಂದ ಹರಿದುಹೋಗಿದೆ. ಯಾರು ಯಾವ ಮಾತನ್ನು ಮೊದಲು ಆಡಿದರು, ಅಪ್ಪನ ಕೈಯಲ್ಲಿದ್ದದ್ದು ಸೌದೆಯೋ ಮಣೆಯೋ, ಇಂಥವುಗಳಲ್ಲಿ ನಾನು ತಪ್ಪಿರಬಹುದು. ಓದುವವರು ಅನುಮಾನ ಇಟ್ಟುಕೊಂಡೇ ಓದಲಿ. ನಾನೂ ಹಾಗೆಯೇ ಬರೆಯುತ್ತಿದ್ದೇನೆ.

ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟುಗಳೇ ಹೆಚ್ಚು. ನಮ್ಮ ಮನೆಯ ಎಡಕ್ಕೆ ಮೂರು ಸೈಟು, ಹಿಂದೆ ಐದೋ ಆರೋ, ಎಲ್ಲದರಲ್ಲೂ ಲಂಟಾನದ ಪೊದೆ. ಅದರಾಚೆ ಯಡಿಯೂರಿನ ಕಡೆಗೆ ಇನ್ನೂ ರಾಗಿ ಹೊಲಗಳಿದ್ದವು. ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು, ಮತ್ತು ಅಪ್ಪನ ತಮ್ಮ, ನನ್ನ ಚಿಕ್ಕಪ್ಪ. ಚಿಕ್ಕಪ್ಪನಿಗೆ ಮದುವೆಯಾಗಿರಲಿಲ್ಲ. ಪ್ರಾಣಿಶಾಸ್ತ್ರ ಓದಿ ಸರ್ಕಾರದ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದರು. ನಾನೂ ಅದೇ ಶಾಸ್ತ್ರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ಅವರನ್ನು ನೋಡಿಯೇ ಹಿಡಿದ ದಾರಿ ಅದು.

ಕರಾವಳಿ ನಮ್ಮ ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಅದರ ಜೊತೆಗೆ ಕಡಲಿನಲ್ಲಿದ್ದ ಕೆಲವು ದ್ವೀಪಗಳೂ ಬಂದಿದ್ದವು. ಅವುಗಳಲ್ಲಿ ಒಂದು, ದಡದಿಂದ ಅರ್ಧ ದಿನ ದೋಣಿಯಲ್ಲಿ ಹೋಗಬೇಕಾದದ್ದು, ಜನರಿಲ್ಲದ್ದು, ಚಿಕ್ಕಪ್ಪನ ಪಾಲಿಗೆ ಬಂತು. ಅಲ್ಲಿ ಕಡಲಹಕ್ಕಿಗಳು ಬರಿಯ ಬಂಡೆಯ ಮೇಲೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತಿದ್ದವು. ದ್ವೀಪದ ನೆತ್ತಿಯಲ್ಲಿ ಒಂದೇ ಒಂದು ದೊಡ್ಡ ಮರ. ಅದರ ಮೇಲೆ ಒಂದೇ ಒಂದು ಜೋಡಿ ಕಡಲಹದ್ದು. ಆ ದ್ವೀಪವನ್ನು ಹಕ್ಕಿಗಳಿಗಾಗಿ ಕಾಪಾಡಲು ಇಪ್ಪತ್ತೈದು ವರ್ಷದ ಯೋಜನೆ ಬರೆದುಕೊಡಿ ಎಂದು ಕಚೇರಿ ಹೇಳಿತ್ತು.

ಚಿಕ್ಕಪ್ಪ ಹಾಲಿನ ಗೋಡೆಗೆ ಒಂದು ದೊಡ್ಡ ನಕ್ಷೆ ಅಂಟಿಸಿದರು. ವರ್ಷಕ್ಕೊಂದು ಸಾಲು. ಮೊದಲ ವರ್ಷದಲ್ಲಿ ಇಲಿ, ಮೂರನೆಯದರಲ್ಲಿ ಮೀನುಗಾರರ ಜೊತೆ ಒಪ್ಪಂದ, ಹತ್ತನೆಯದರಲ್ಲಿ ಗಿಡ, ಕೊನೆಯ ಸಾಲಿನಲ್ಲಿ ಹಕ್ಕಿಗಳ ಎಣಿಕೆ. ಪಕ್ಕದಲ್ಲಿ ಸಣ್ಣದಾಗಿ ನನ್ನ ವಯಸ್ಸನ್ನೂ ಬರೆದಿದ್ದರು. ಕೊನೆಯ ಸಾಲಿನಲ್ಲಿ ನನಗೆ ನಲವತ್ತನಾಲ್ಕು.

"ಇದ್ರಲ್ಲಿ ನಾನೆಲ್ಲಿದೀನೋ?" ಎಂದು ಅಜ್ಜಿ ಕೇಳಿದರು.

"ನೀನು ಎಲ್ಲಾ ಸಾಲಲ್ಲೂ ಇರ್ತೀಯಮ್ಮ."

"ಸುಳ್ಳು ಬೊಗಳ್ಬೇಡ. ಇಪ್ಪತ್ತೈದು ವರ್ಷಕ್ಕೆ ಒಂದೇ ಸಲ ಪಂಚಾಂಗ ಬರ್ದೋನು ನೀನೊಬ್ನೇ ಕಣೋ."

ಇಲಿ ಮೊದಲ ಸಾಲಿಗೆ ಬಂದದ್ದು ಹೀಗೆ. ಎಷ್ಟೋ ವರ್ಷಗಳ ಹಿಂದೆ ಹೆಂಚು ಹೇರಿಕೊಂಡು ಹೋಗುತ್ತಿದ್ದ ಒಂದು ಮಚವೆ, ಹಾಯಿಹಡಗು, ಆ ದ್ವೀಪದ ಬಂಡೆಗೆ ಬಡಿದು ಒಡೆದಿತ್ತು. ಹಡಗಿನ ಇಲಿಗಳು ಈಜಿ ದಡ ಹತ್ತಿದವು. ಚಿಕ್ಕಪ್ಪ ಒಮ್ಮೆ ಅಲ್ಲಿ ಎರಡು ದಿನ ಇದ್ದು ಬಂದಿದ್ದರು. ಬಂದವರು ಊಟದ ಹೊತ್ತಿನಲ್ಲೇ ಹೇಳಿದರು: ಮರಿಹಕ್ಕಿಗಳಿಗೆ ಓಡಲು ಬರುವುದಿಲ್ಲ. ಇಲಿಗಳು ಹಿಂದಿನಿಂದ ತಿನ್ನಲು ಶುರುಮಾಡುತ್ತವೆ. ಮರಿ ಕೊಕ್ಕು ತೆರೆದು ಕೂತೇ ಇರುತ್ತದೆ, ತಾಯಿ ಮುಂದಿನಿಂದ ಅದರ ಬಾಯಿಗೆ ಮೀನು ಇಡುತ್ತಿರುತ್ತದೆ. ಅಮ್ಮ ಎದ್ದು ಕೈತೊಳೆಯಲು ಹೋದರು. ಅಪ್ಪ, "ಊಟದ ಹೊತ್ತಲ್ಲಿ ಇದೇನೋ ನಿಂದು?" ಎಂದರು. ಚಿಕ್ಕಪ್ಪ ಅನ್ನ ಕಲೆಸುತ್ತಲೇ, "ಒಂದು ಜೊತೆ ಇಲಿ ಉಳಿದ್ರೂ ಮಾಡಿದ್ದೆಲ್ಲಾ ದಂಡ ಅಣ್ಣ. ಎಲ್ಲಾನೂ ಸಾಯಿಸ್ಬೇಕು. ಒಂದೂ ಬಿಡ್ದಂಗೆ" ಎಂದರು.

ಎಲ್ಲವನ್ನೂ ಸಾಯಿಸುವುದು ಹೇಗೆ ಎಂದು ಗೊತ್ತಿಲ್ಲದೆ ಯೋಜನೆ ಬರೆಯುವುದು ಅವರಿಗೆ ಒಗ್ಗದ ಕೆಲಸ. ಹಾಗಾಗಿ ಪರೀಕ್ಷೆ ನಮ್ಮ ಹಿತ್ತಲಿನಲ್ಲಿ ಶುರುವಾಯಿತು. ನಮ್ಮಲ್ಲಿ ಇಲಿ ಮಾತ್ರವಲ್ಲ, ಬೆಕ್ಕಿನ ಗಾತ್ರದ ಹೆಗ್ಗಣಗಳಿದ್ದವು. ಹಿಂದಿನ ಸೈಟುಗಳಿಂದ ಕಾಂಪೌಂಡಿನ ಅಡಿಯಲ್ಲಿ ಬಿಲ ತೋಡಿಕೊಂಡು ಬಂದು, ಅಡಿಗೆಮನೆಯ ಗೋಡೆಯ ಬುಡವನ್ನೇ ಅಗೆದು ಹಾಕಿದ್ದವು.

ಯಡಿಯೂರಿನ ಒಬ್ಬ ಮುದುಕ ಸಹಾಯಕ್ಕೆ ಬಂದ. ಬಡಾವಣೆ ಆಗುವ ಮೊದಲು ನಮ್ಮ ಮನೆ ನಿಂತ ಜಾಗ ಅವನ ಹೊಲವಾಗಿತ್ತು. ಅದನ್ನು ಅವನು ಪ್ರತಿ ಸಲವೂ ನೆನಪಿಸುತ್ತಿದ್ದ.

"ನಿಮ್ಮ ಅಡಿಗೆಮನೆ ಐತಲ್ಲ ಸ್ವಾಮಿ, ಅಲ್ಲೇ ನಮ್ ಕಣ ಇದ್ದಿದ್ದು. ಈ ಹೆಗ್ಗಣಗಳ ಮುತ್ತಾತಂದ್ರೆಲ್ಲ ನನಗೆ ಗೊತ್ತು. ನಮಗಾದ್ರೆ ಸರ್ಕಾರ ಕಾಗ್ದ ಕೊಡ್ತು. ಇವಕ್ಕೆ ಯಾರೂ ಕೊಡ್ನಿಲ್ಲ, ಇನ್ನೂ ತಮ್ದೇ ಹೊಲ ಅಂದ್ಕಂಡವೆ."

ಮೊದಲು ಹೊಗೆ. ತೂತು ಮಾಡಿದ ಮಡಕೆಯಲ್ಲಿ ಹುಲ್ಲು, ಒಣಮೆಣಸಿನಕಾಯಿ ತುಂಬಿ ಬೆಂಕಿ ಹಚ್ಚಿ, ಬಿಲದ ಬಾಯಿಗೆ ಮಡಕೆ ಕವುಚಿ ಊದುವುದು. ಬಿಲದ ಇನ್ನೊಂದು ಬಾಯಲ್ಲಿ ಚಿಕ್ಕಪ್ಪ ದೊಣ್ಣೆ ಹಿಡಿದು ನಿಂತರು, ಮೂರನೆಯದರಲ್ಲಿ ನಾನು. ಹೆಗ್ಗಣ ಕಣ್ಣು ಕಾಣದೆ ಹೊರಗೆ ಬರುತ್ತದೆ, ಬಂದದ್ದೇ ಹೊಡೆಯಬೇಕು. ನನ್ನ ಮೊದಲ ಏಟು ಸೊಂಟಕ್ಕೆ ಬಿತ್ತು. ಅದು ಮುಂಗಾಲುಗಳಲ್ಲಿ ದೇಹವನ್ನು ಎಳೆದುಕೊಂಡು ನನ್ನ ಕಡೆಗೇ ಬಂತು. ಮಗುವಿನಂತೆ ಕಿರುಚಿತು. "ತಲೆಗೆ ಹೊಡಿ, ತಲೆಗೆ!" ಎಂದು ಚಿಕ್ಕಪ್ಪ ಕೂಗಿದರು. ಮತ್ತೆ ಎಷ್ಟು ಸಲ ಹೊಡೆದೆನೋ ತಿಳಿಯದು, ನಿಲ್ಲಿಸಿದ್ದು ಮುದುಕ ದೊಣ್ಣೆ ಕಿತ್ತುಕೊಂಡಾಗ. "ಸಾಕು ಕಣವ್ವ, ಅದು ಎಂದೋ ಹೋಯ್ತು." ನನ್ನ ಲಂಗದ ಅಂಚಿನಲ್ಲಿ ರಕ್ತದ ಚುಕ್ಕೆಗಳಿದ್ದವು. ನನಗೆ ಹೇಸಿಗೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಆ ದಿನದ ಡೈರಿಯಲ್ಲಿ ಇರುವುದು ಇಷ್ಟೇ: "ಏಳು. ನನ್ನವು ಎರಡು."

ಅಮ್ಮ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮುದುಕ ಬೀಡಿ ಹಚ್ಚುತ್ತಾ, "ಬದುಕ್ಸೋ ಯೋಜ್ನೆ ಅಂತೀರಿ. ಬದುಕ್ಸೋಕೆ ಮುಂಚೆ ಇನ್ನೂ ಎಷ್ಟು ಸಾಯಿಸ್ತೀರಿ ಸ್ವಾಮಿ?" ಎಂದು ಕೇಳಿದ. ಚಿಕ್ಕಪ್ಪ ಗಂಭೀರವಾಗಿಯೇ ಲೆಕ್ಕ ಹಾಕಿ ಹೇಳಲು ಹೊರಟರು. ಮುದುಕ ನಕ್ಕುಬಿಟ್ಟ.

ಹೊಗೆಯಿಂದ ದ್ವೀಪದ ಕೆಲಸ ಆಗದು ಎಂದು ಚಿಕ್ಕಪ್ಪ ಬರೆದುಕೊಂಡರು. ಬಂಡೆಯ ಬಿರುಕುಗಳಿಗೆ ಹೊಗೆ ಹಾಕುವುದು ಹೇಗೆ? ಉಳಿದದ್ದು ಪಾಷಾಣ. ಬೂದಿ ಬಣ್ಣದ ಪುಡಿ, ತಗಡಿನ ಡಬ್ಬದಲ್ಲಿ ಬಂತು. ಬಿಚ್ಚಿದ ತಕ್ಷಣ ಬೆಳ್ಳುಳ್ಳಿಯ ವಾಸನೆ. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಒಳಗೆ ಬಂದದ್ದೇ ಇಲ್ಲ. ಅಜ್ಜಿ ದೇವರಮನೆಯಿಂದಲೇ ಕೂಗಿದರು: "ಯಾರೇ ಅದು ಬೆಳ್ಳುಳ್ಳಿ ತಂದಿರೋದು?"

"ಬೆಳ್ಳುಳ್ಳಿ ಅಲ್ಲಮ್ಮ, ವಿಷ."

"ಸರಿ ಹಾಗಾದ್ರೆ. ಹೊರಗೇ ಇಟ್ಕೋ."

ಹೆಗ್ಗಣ ಹೊಸ ತಿನಿಸನ್ನು ನಂಬುವುದಿಲ್ಲ. ಆದ್ದರಿಂದ ಮೂರು ದಿನ ಬರೀ ಉಂಡೆ ಇಡಬೇಕು: ರಾಗಿಹಿಟ್ಟು, ಬೆಲ್ಲ, ಕಡಲೆಕಾಯಿ ಎಣ್ಣೆ ಕಲೆಸಿದ್ದು. ಅದೇ ಜಾಗ, ಅದೇ ಹೊತ್ತು. ತಿಂದು ತಿಂದು ಅವಕ್ಕೆ ಧೈರ್ಯ ಬರುತ್ತದೆ. ನಾಲ್ಕನೆಯ ದಿನ ಅದೇ ಉಂಡೆಯಲ್ಲಿ ಪಾಷಾಣ. ಮೂರು ದಿನ ಉಪಚಾರ ಮಾಡಿ ನಾಲ್ಕನೆಯ ದಿನ ಕೊಲ್ಲುವ ಈ ಪದ್ಧತಿ ಕೇಳಿ ಮುದುಕನೂ ಮುಖ ಸಿಂಡರಿಸಿದ. ಆದರೂ ಒಂದು ಮಾತು ಹೇಳಿದ. ಮುಂದಿನದೆಲ್ಲ ಆ ಮಾತಿನ ಮೇಲೆ ನಿಂತಿದೆ.

"ಮಿಕ್ಕಿದ್ ಉಂಡೆ, ಸತ್ತಿದ್ ಹೆಣ, ಎಲ್ಡನ್ನೂವೆ ಬೆಳಕು ಹರಿಯೋಕೆ ಮುಂಚೆ ಎತ್ತಿ ಹೂಳ್ಬೇಕು ಸ್ವಾಮಿ. ಇಲ್ದಿದ್ರೆ ಕಾಗೆ, ಹದ್ದು ತಿಂತವೆ. ತಿಂದವು ಅಲ್ಲೇ ಬೀಳ್ತವೆ."

ಚಿಕ್ಕಪ್ಪ ನನ್ನ ಕಡೆ ನೋಡಿದರು. "ಅದು ನಿನ್ನ ಕೆಲಸ ಮಗು." ಇಕ್ಕಳ, ಬುಟ್ಟಿ, ಗುದ್ದಲಿ ನನಗೆ ಬಂದವು. ಮೊದಲ ಸುತ್ತಿನಲ್ಲಿ ನಾನು ತಪ್ಪದೆ ಮಾಡಿದೆ. ನಸುಕಿನಲ್ಲಿ ಎದ್ದು, ಬಾಯಿಂದ ನೊರೆ ಬಿಟ್ಟು ಸೆಟೆದ ಹೆಗ್ಗಣಗಳನ್ನು ಇಕ್ಕಳದಲ್ಲಿ ಎತ್ತಿ ಗುಂಡಿಗೆ ಹಾಕಿ ಮುಚ್ಚುತ್ತಿದ್ದೆ. ಕೆಲವು ಇನ್ನೂ ಸತ್ತಿರುತ್ತಿರಲಿಲ್ಲ. ಅವನ್ನೂ ಗುದ್ದಲಿಯಿಂದ ಮುಗಿಸಿ ಹಾಕುತ್ತಿದ್ದೆ. ಆಮೇಲೆ ಸ್ನಾನ ಮಾಡಿ, ಬಸ್ಸು ಹಿಡಿದು ಕಾಲೇಜಿಗೆ ಹೋಗಿ ಕಪ್ಪೆ ಕೊಯ್ಯುತ್ತಿದ್ದೆ.

ಎರಡನೆಯ ಸುತ್ತು ಆಷಾಢದಲ್ಲಿ ಬಂತು. ಅದೇ ವಾರ ತಾತನ ತಿಥಿ. ಮೂರು ದಿನ ಬರೀ ಉಂಡೆ ಇಟ್ಟಾಗಿತ್ತು. ಅಜ್ಜಿ ದಿನವೂ ಊಟಕ್ಕೆ ಮೊದಲು ಹಿತ್ತಲ ಗೋಡೆಯ ಮೇಲೆ ಕಾಗೆಗೆ ಒಂದು ಹಿಡಿ ಅನ್ನ ಇಡುತ್ತಿದ್ದರು. ಉಂಡೆ ಇಡುತ್ತಿದ್ದುದು ಅದೇ ಗೋಡೆಯ ಬುಡದಲ್ಲಿ. ಮೂರು ದಿನದಲ್ಲಿ ಹೆಗ್ಗಣಗಳಷ್ಟೇ ಅಲ್ಲ, ಕಾಗೆಗಳೂ ನಮ್ಮ ಉಂಡೆಯ ರುಚಿ ಕಲಿತವು. ಅದನ್ನು ನಾನು ನೋಡಿದ್ದೆನೇ? ನೋಡಿದ್ದರೆ ಚಿಕ್ಕಪ್ಪನಿಗೆ ಹೇಳಬೇಕಿತ್ತು. ಹೇಳಿದ ನೆನಪಿಲ್ಲ.

ನಾಲ್ಕನೆಯ ದಿನ, ಪಾಷಾಣದ ಉಂಡೆ ಇಡುವ ದಿನ, ಬೆಳಿಗ್ಗೆ ನಾನು ಹೊರಗಾದೆ. ಆ ಮೂರು ದಿನ ಹಿತ್ತಲಿಗೆ ಅಂಟಿಕೊಂಡ ಸೌದೆ ಕೋಣೆಯಲ್ಲಿ ಚಾಪೆ, ತಟ್ಟೆ, ಲೋಟ ಇಟ್ಟುಕೊಂಡು ಕೂರಬೇಕು; ಯಾರನ್ನೂ ಏನನ್ನೂ ಮುಟ್ಟಬಾರದು. ಪ್ರತಿ ತಿಂಗಳ ಸಂಗತಿಯೇ. ಆದರೆ ತಿಥಿ ಎದುರಿಗಿದ್ದದ್ದರಿಂದ ಈ ಸಲ ಅಜ್ಜಿಯ ಕಣ್ಣು ನನ್ನ ಬಾಗಿಲ ಮೇಲೇ ಇತ್ತು. ಚಿಕ್ಕಪ್ಪ ಆ ದಿನ ಸಂಜೆ ಉಂಡೆ ಇಟ್ಟು, ಕಚೇರಿಯ ಕೆಲಸಕ್ಕೆಂದು ಮೈಸೂರಿಗೆ ಹೋದರು. ತಿಥಿಯ ಹೊತ್ತಿಗೆ ಬರುತ್ತೇನೆ ಎಂದರು. ನಾನು ಹೊರಗಾದದ್ದು ಅವರಿಗೆ ಗೊತ್ತಿತ್ತೇ? ಗಂಡಸರಿಗೆ ಹೇಳುವ ವಿಷಯವಲ್ಲ. ನಾನು ಹೇಳಲಿಲ್ಲ. ಬೆಳಿಗ್ಗೆ ಹೆಣ ಎತ್ತುವವರು ಯಾರು ಎಂದು ಅಮ್ಮನನ್ನೋ ಅಪ್ಪನನ್ನೋ ಕೇಳಿಯೂ ಇರಲಿಲ್ಲ.

ಮರುದಿನ ನಸುಕಿಗೆ ಎಚ್ಚರವಾಯಿತು. ಕಿಟಕಿಯಿಂದ ನೋಡಿದರೆ ಗೋಡೆಯ ಬುಡದಲ್ಲಿ ಹೆಗ್ಗಣಗಳು ಬಿದ್ದಿವೆ, ಉಂಡೆಗಳೂ ಉಳಿದಿವೆ. ನನಗೂ ಅವಕ್ಕೂ ನಡುವೆ, ಇಡೀ ಹಿತ್ತಲಿಗೆ ಅಡ್ಡಲಾಗಿ, ತಿಥಿಗೆಂದು ಒಗೆದ ಮಡಿಬಟ್ಟೆಗಳು ಹಗ್ಗದ ಮೇಲೆ. ಅಪ್ಪನ ಪಂಚೆ, ಅಮ್ಮನ ಒಂಬತ್ತು ಗಜದ ಸೀರೆ. ಆಷಾಢದ ಗಾಳಿಗೆ ಅವು ನೆಲದವರೆಗೂ ಬೀಸಿ ಬೀಸಿ ಬರುತ್ತಿದ್ದವು. ಮುಟ್ಟದೆ ದಾಟುವುದು ಕಷ್ಟ. ದಾಟಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಬಗ್ಗಿಕೊಂಡು ಹೋಗಬಹುದಿತ್ತು. ಮುಟ್ಟಿದ್ದರೆ ಮುಟ್ಟಿದೆ ಎನ್ನಬಹುದಿತ್ತು.

ನಾನು ಕೂಗಿದೆ. "ಅಮ್ಮಾ, ಹೆಣ ಎತ್ತಬೇಕು! ಯಾರಾದ್ರೂ ಎತ್ತಿ!"

ಬಂದದ್ದು ಅಜ್ಜಿ. "ಬೆಳಗಾಗೆದ್ದು ಹೆಣ ಹೆಣ ಅಂತ ಕಿರುಚ್ಬೇಡ. ನಾಳೆ ತಿಥಿ, ನಾವ್ಯಾರೂ ಅದನ್ನ ಮುಟ್ಟೋಹಾಗಿಲ್ಲ. ನಿಮ್ಮ ಚಿಕ್ಕಪ್ಪ ಬಂದು ಎತ್ತುತ್ತಾನೆ. ಬಾಯ್ಮುಚ್ಕೊಂಡು ಕೂತ್ಕೋ."

ಮೊದಲ ಕಾಗೆ ಬಂತು. ಒಂದು ಉಂಡೆ ಕುಕ್ಕಿತು. ಕತ್ತೆತ್ತಿ ಕೂಗಿ ಉಳಿದವನ್ನು ಕರೆಯಿತು. ಕಾಗೆ ಒಂಟಿಯಾಗಿ ತಿನ್ನುವುದಿಲ್ಲ ಎಂಬುದನ್ನು ಅಜ್ಜಿಯೇ ನನಗೆ ಒಳ್ಳೆಯ ಗುಣವೆಂದು ಹೇಳಿಕೊಟ್ಟಿದ್ದರು. ಬಂದವು ಹೆಗ್ಗಣಗಳ ಹೊಟ್ಟೆ ಬಗೆದವು. ನಾನು ಕಿಟಕಿಯಿಂದ ಲೋಟ ಎಸೆದೆ, ತಟ್ಟೆ ಎಸೆದೆ, ಸೌದೆ ಎಸೆದೆ. ಹಾರಿ ಮತ್ತೆ ಕೂತವು. ಸ್ವಲ್ಪ ಹೊತ್ತಿನಲ್ಲಿ ಮೊದಲನೆಯದು ಗೋಡೆಯಿಂದ ಕಲ್ಲಿನಂತೆ ಕೆಳಗೆ ಬಿತ್ತು. ಒಂದು ರೆಕ್ಕೆಯಿಂದ ನೆಲವನ್ನು ಬಡಿಯುತ್ತಾ ಬಡಿಯುತ್ತಾ ಸುತ್ತು ಹೊಡೆಯಿತು. ಅದರ ಸುತ್ತ ಬೇರೆಯವು ಅರಚುತ್ತಾ ಇಳಿದವು. ಇಳಿದವೂ ಅಲ್ಲಿದ್ದದ್ದನ್ನು ತಿಂದವು. ಒಂದು ನನ್ನ ಕಿಟಕಿಯ ಸರಳಿಗೆ ಬಂದು ಬಡಿದು, ಸರಳಿನ ನಡುವೆ ಕೊಕ್ಕು ತೂರಿಸಿ, ನನ್ನ ಮುಂದೆಯೇ ಸೆಟೆಯಿತು. ಅದರ ಬಾಯಿಂದ ಬೆಳ್ಳುಳ್ಳಿ ವಾಸನೆ ಬಂತು ಎಂದು ನನಗೆ ನೆನಪು. ಇದು ನಿಜವೇ ಆಗಿರಬೇಕೆಂದಿಲ್ಲ.

ಅಷ್ಟೂ ಹೊತ್ತು ಮಡಿಬಟ್ಟೆಗಳು ನಮ್ಮ ನಡುವೆ ಹಾರಾಡುತ್ತಿದ್ದವು. ಅವುಗಳ ಮೇಲೆ ಒಂದು ಕಲೆಯೂ ಆಗಲಿಲ್ಲ.

ಅಪ್ಪ ಮುದುಕನನ್ನು ಕರೆಸಿದರು. ಅವನು ಕಾಗೆಗಳನ್ನು ಕಾಲು ಹಿಡಿದು ಬುಟ್ಟಿಗೆ ಹಾಕಿದ. ನಾನು ಕಿಟಕಿಯಿಂದ ಎಣಿಸಿದೆ. ಇನ್ನೂ ಎಲ್ಲೆಲ್ಲಿ ಹಾರಿಹೋಗಿ ಬಿದ್ದವೋ ಯಾರೂ ಹುಡುಕಲಿಲ್ಲ. ಅವನು ಹೋಗುವಾಗ ನನ್ನ ಕಿಟಕಿಯ ಹತ್ತಿರ ನಿಂತು, "ಯೋಳಿದ್ನಲ್ಲವ್ವ" ಎಂದ. ಅಷ್ಟೇ.

ತಿಥಿಯ ದಿನ ಅಪ್ಪ ಮಡಿಪಂಚೆಯಲ್ಲಿ ಎಲ್ಲ ಸಾಂಗವಾಗಿ ಮಾಡಿದರು. ಕೊನೆಗೆ ಪಿಂಡವನ್ನು ಬಾಳೆಲೆಯ ಮೇಲೆ ಹಿತ್ತಲ ಗೋಡೆಗೆ ಇಟ್ಟು ಚಪ್ಪಾಳೆ ತಟ್ಟಿದರು. ಕಾಗೆ ಮುಟ್ಟುವವರೆಗೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. "ಕಾ, ಕಾ" ಎಂದು ಅಪ್ಪ ಕರೆದರು. ಗಾಳಿಯ ಸದ್ದು ಬಿಟ್ಟು ಏನೂ ಇಲ್ಲ. ಎದುರಿನ ಸೈಟಿನ ಮರದ ಮೇಲೆ ಸದಾ ಇರುತ್ತಿದ್ದ ಹಿಂಡು ಇರಲಿಲ್ಲ. ಬಹಳ ಹೊತ್ತು ಕಾದೆವು. ಪುರೋಹಿತರು, "ಹಸುವಿಗೆ ಇಟ್ಟರೂ ಆಗುತ್ತೆ, ಶಾಸ್ತ್ರ ಇದೆ" ಎಂದರು. ಅಜ್ಜಿ ಒಪ್ಪಲಿಲ್ಲ. "ಅವರು ಕೋಪ ಮಾಡ್ಕೊಂಡಿದಾರೆ. ಊಟ ಬೇಡ ಅಂತಿದಾರೆ" ಎಂದು ಎದೆ ಹೊಡೆದುಕೊಂಡು ಅಳಲು ಶುರುಮಾಡಿದರು. ಅವರು ಹಾಗೆ ಅತ್ತದ್ದನ್ನು ನಾನು ಆ ಮೊದಲು ಕಂಡಿರಲಿಲ್ಲ.

ಆಗ ಚಿಕ್ಕಪ್ಪ ಬಂದರು. ಮೈಸೂರಿನ ರೈಲು ತಡವಾಗಿತ್ತು. ಕೈಯಲ್ಲಿ ಚೀಲ ಹಿಡಿದೇ ಹಿತ್ತಲಿಗೆ ಬಂದು, ಗೋಡೆಯ ಬುಡ ನೋಡಿ ಕೇಳಿದ ಮೊದಲ ಮಾತು: "ಉಂಡೆ ಎತ್ತಿದ್ರಾ?"

ಅಪ್ಪನ ಕೈಗೆ ಒಲೆಯ ಪಕ್ಕದ ಸೌದೆ ಬಂತು. ಸೌದೆಯೇ ಎಂದು ನಾನು ನಂಬಿದ್ದೇನೆ. "ಕಾಗೆಗಳ್ನೆಲ್ಲಾ ಸಾಯಿಸಿ ಅಪ್ಪನ ಬಾಯಿಗೆ ಮಣ್ಣು ಹಾಕಿದ್ಯಲ್ಲೋ!" ಎಂದು ಹೊಡೆದರು. ಭುಜಕ್ಕೆ ಒಂದು, ಬೆನ್ನಿಗೆ ಒಂದು. ಮೂರನೆಯದು ತಲೆಗೆ ಬರುತ್ತಿದ್ದಾಗ ಚಿಕ್ಕಪ್ಪ ಬಲಗೈ ಅಡ್ಡ ಕೊಟ್ಟರು. ಒಣಕಡ್ಡಿ ಮುರಿದಂಥ ಸದ್ದು ಕಿಟಕಿಯವರೆಗೂ ಬಂತು. ಪುರೋಹಿತರು ಅಪ್ಪನ ಸೊಂಟ ಹಿಡಿದು ಎಳೆದರು. ಅಮ್ಮ ಚೀರಿದರು. ದರ್ಭೆಯ ಉಂಗುರ ಇನ್ನೂ ಅಪ್ಪನ ಬೆರಳಲ್ಲೇ ಇತ್ತು. ಚಿಕ್ಕಪ್ಪ ನೆಲದ ಮೇಲೆ ಕೂತು, ತಿರುಚಿಕೊಂಡ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು, "ಅಣ್ಣ, ಎಷ್ಟು ಸತ್ತವು? ಬರೆದಿಟ್ರಾ?" ಎಂದು ಕೇಳಿದರು. ಅಪ್ಪ ಮತ್ತೆ ಅವರ ಮೇಲೆ ಬಿದ್ದರು.

ನಾನು ಆಗಲೂ ಬಾಗಿಲು ದಾಟಲಿಲ್ಲ.

ಹನುಮಂತನಗರದಲ್ಲಿ ಮೂಳೆ ಕೂರಿಸುವವನೊಬ್ಬನಿದ್ದ. ಕೋಳಿಮೊಟ್ಟೆ ಹಚ್ಚಿ, ಬಿದಿರು ಸೀಳು ಇಟ್ಟು ಕಟ್ಟಿದ. ಅಜ್ಜಿ ಮೊಟ್ಟೆಯ ಕೈಯನ್ನು ಒಳಗೆ ಬಿಡಲಿಲ್ಲ. ಹದಿನೈದು ದಿನ ಚಿಕ್ಕಪ್ಪ ಹೊರಗಿನ ಜಗುಲಿಯಲ್ಲಿ ಮಲಗಿದರು. "ಈಗ ನಾವಿಬ್ರೂ ಹೊರಗಾದವರು" ಎಂದು ನನ್ನನ್ನು ನೋಡಿ ನಕ್ಕರು. ಹಾಗಾದರೆ ನಾನು ಹೊರಗಾಗಿದ್ದದ್ದು ಅವರಿಗೆ ಗೊತ್ತಾಗಿತ್ತು. ಮೂಳೆ ಸೊಟ್ಟಗೆ ಕೂಡಿತು. ಆಸ್ಪತ್ರೆಯಲ್ಲಿ ಅದನ್ನು ಮತ್ತೆ ಮುರಿದು ಕಟ್ಟಿದರು, ಆದರೂ ಪೂರ್ತಿ ನೆಟ್ಟಗಾಗಲಿಲ್ಲ.

ಯೋಜನೆ ಕೊಡುವ ಗಡುವು ಬಂದಿತ್ತು. ಅವರಿಗೆ ಬರೆಯಲು ಆಗುತ್ತಿರಲಿಲ್ಲ. ಮುಂಚೆ ಬರೆದಿದ್ದದ್ದನ್ನೆಲ್ಲ ನಾನು ಚೊಕ್ಕಟವಾಗಿ ನಕಲು ಮಾಡಿದೆ; ಅದನ್ನು ಕಚೇರಿಯಲ್ಲಿ ಟೈಪು ಮಾಡುತ್ತಾರೆ. ಒಂದೇ ಒಂದು ಹಾಳೆ ಹೊಸದು. ಜಗುಲಿಯಲ್ಲಿ ಕೂತು ಅವರು ಬಾಯಲ್ಲಿ ಹೇಳಿದರು, ನಾನು ಬರೆದುಕೊಂಡೆ. ವಿಷ ಇಟ್ಟ ಪ್ರತಿ ದಿನವೂ ಬೆಳಕು ಹರಿಯುವ ಮೊದಲು ಹೆಣಗಳನ್ನೂ ಉಳಿದ ಉಂಡೆಗಳನ್ನೂ ಎತ್ತಿ ಸುಡಬೇಕು. ಎತ್ತಲು ಇಬ್ಬರನ್ನು ನೇಮಿಸಬೇಕು, ಒಬ್ಬನಿಗೆ ಅಡಚಣೆಯಾದರೆ ಇನ್ನೊಬ್ಬ ಇರುವಂತೆ. ಒಂದು ದಿನ ತಪ್ಪಿದರೂ ನೆತ್ತಿಯ ಮರದ ಹದ್ದುಗಳು ಉಳಿಯುವುದಿಲ್ಲ. ಆಮೇಲೆ ಕಾರಣ: ನಮ್ಮ ಹಿತ್ತಲಿನಲ್ಲಿ ಆದದ್ದು.

"ಯಾಕೆ ಎತ್ತಲಿಲ್ಲ ಅಂತ ಕೇಳ್ತಾರೆ ಕಣಮ್ಮ. ಏನಂತ ಬರೆಯೋಣ?"

"ಎತ್ತೋರು ಇರ್ಲಿಲ್ಲ ಅಂತ."

"ಇದ್ರಲ್ಲ."

ನಾನು ಹಾಳೆಯ ಅಂಚು ಸರಿಮಾಡಿದೆ. ಅವರು ನನ್ನ ಮುಖ ನೋಡದೆ, ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದರು. ಎತ್ತಬೇಕಾಗಿದ್ದ ವ್ಯಕ್ತಿ ಮನೆಯ ಮಡಿಯ ಕಾರಣದಿಂದ ಹಿತ್ತಲಿಗೆ ಇಳಿಯಲಿಲ್ಲ ಎಂಬುದು ಅದರ ಅರ್ಥ. ನಾನು ಬರೆದೆ. ಬರೆಯುವಾಗ ಆ ಕಚೇರಿಯ ಟೈಪಿಸ್ಟು, ಗುಮಾಸ್ತರು, ಅದನ್ನು ಓದಿ ಆ ವ್ಯಕ್ತಿ ಯಾರು, ಯಾಕೆ ಎಂದು ಮುಖ ಮುಖ ನೋಡಿಕೊಳ್ಳುವುದು ನನಗೆ ಕಾಣಿಸುತ್ತಿತ್ತು.

ಅಜ್ಜಿ ಒಳಗಿನಿಂದ ಕೇಳಿಸಿಕೊಂಡಿದ್ದರು. ಚಿಕ್ಕಪ್ಪ ಎದ್ದುಹೋದ ಮೇಲೆ ನನ್ನ ಹತ್ತಿರ ಬಂದರು.

"ಇವರ ಮನೇಲಿ ಪಿಂಡ ಕಾಗೆ ಮುಟ್ಲಿಲ್ಲ ಅಂತ ಸರ್ಕಾರದ ಕಾಗ್ದದಲ್ಲಿ ಹೋಗುತ್ತೇನೇ?"

"ಪಿಂಡದ ವಿಷ್ಯ ಬರ್ದಿಲ್ಲ ಅಜ್ಜಿ."

"ನಿನ್ನ ವಿಷ್ಯ?"

"ಹೆಸರಿಲ್ಲ."

"ಹೆಸರು ಬೇರೆ ಬೇಕೇನೇ? ನಿನಗೆ ಇನ್ನೂ ಮದುವೆ ಆಗ್ಬೇಕು. ಯೋಚ್ನೆ ಮಾಡು."

ಇಲ್ಲಿಂದ ನನಗೆ ಎರಡು ನೆನಪುಗಳಿವೆ, ಎರಡೂ ಅಷ್ಟೇ ಸ್ಪಷ್ಟ. ಒಂದರಲ್ಲಿ ನಾನು ಆ ಹಾಳೆಯನ್ನು ಉಳಿದವುಗಳ ನಡುವೆ ಸೇರಿಸಿ, ಅಂಚು ತಟ್ಟಿ, ಬಿಳಿ ಟೇಪಿನಿಂದ ಕಟ್ಟಿ ಚಿಕ್ಕಪ್ಪನ ಎಡಗೈಗೆ ಕೊಡುತ್ತೇನೆ. ಅವರು ಬಿಚ್ಚಿ ನೋಡುವುದಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ. ಇನ್ನೊಂದರಲ್ಲಿ ಸೌದೆ ಕೋಣೆಯ ಹಿಂದೆ ಹಂಡೆಯ ಒಲೆ ಉರಿಯುತ್ತಿದೆ, ನನ್ನ ಕೈಯಲ್ಲಿ ಒಂದೇ ಹಾಳೆ ಇದೆ. ಆದರೆ ರಫ್ ಕಾಗದಗಳನ್ನು ನಾನು ದಿನವೂ ಆ ಒಲೆಗೆ ಹಾಕುತ್ತಿದ್ದೆ. ಆ ಹಾಳೆ ರಫ್ ಆಗಿರಬಹುದು. ಡೈರಿ ತೆಗೆದು ನೋಡಿದರೆ ಆ ದಿನ ಎರಡೇ ಶಬ್ದ: "ಎಲ್ಲ ಕೊಟ್ಟೆ." ಈ ಎರಡು ಶಬ್ದ ನನ್ನನ್ನು ಸಮಾಧಾನಪಡಿಸಬೇಕಿತ್ತು. ಕೊಟ್ಟೆ ಎಂದಿದ್ದರೆ ಸಾಕಿತ್ತಲ್ಲ, 'ಎಲ್ಲ' ಎಂದು ಯಾಕೆ ಸೇರಿಸಿದೆ? ಯಾರಿಗೆ ಹೇಳಲು?

ದಸರಾ ಕಳೆದು ಕಡಲು ತಣ್ಣಗಾದ ಮೇಲೆ ಮೊದಲ ವರ್ಷದ ಕೆಲಸ ಶುರುವಾಯಿತು. ಚಿಕ್ಕಪ್ಪನ ಕೈ ಇನ್ನೂ ಕಟ್ಟಿನಲ್ಲಿತ್ತು. ಹಗ್ಗ ಹಿಡಿದು ಬಂಡೆ ಹತ್ತಬೇಕಾದ ಜಾಗ ಅದು, ವೈದ್ಯರು ಬಿಡಲಿಲ್ಲ. ಕೂಲಿಯವರನ್ನು ಕರೆದುಕೊಂಡು ಬೇರೊಬ್ಬ ಅಧಿಕಾರಿ ಹೋದರು. ಅವರ ಕೈಯಲ್ಲಿ ಇದ್ದದ್ದು ಟೈಪಾದ ಯೋಜನೆ ಮಾತ್ರ. ಅದರಲ್ಲಿ ಬರೆದದ್ದನ್ನು ಬರೆದಂತೆ ಮಾಡಿದರು.

ಸಂಕ್ರಾಂತಿಗೆ ಮುಂಚೆ ಚಿಕ್ಕಪ್ಪ ನೋಡಿಬರಲು ಹೋದರು. ಒಂದು ವಾರದ ಮೇಲೆ ಬಂದರು. ಅಪ್ಪ ಮತ್ತು ಅವರು ಆ ಹೊತ್ತಿಗೆ ಮತ್ತೆ ಮಾತಾಡುತ್ತಿದ್ದರು, ಬೇಕಾದಷ್ಟು ಮಾತ್ರ.

"ಇಲಿ?" ಎಂದರು ಅಪ್ಪ.

"ಒಂದೂ ಇಲ್ಲ."

"ಒಳ್ಳೇದಾಯ್ತು. ಆ ಹದ್ದು?"

ಚಿಕ್ಕಪ್ಪ ಪೆಟ್ಟಿಗೆ ಕೆಳಗಿಟ್ಟರು. "ಮರ ಇದೆ" ಎಂದರು.

ನಾನು ಅಡಿಗೆಮನೆಯ ಬಾಗಿಲಲ್ಲಿದ್ದೆ. ಅವರು ನನ್ನ ಕಡೆ ನೋಡಿದರೋ ನೋಡಲಿಲ್ಲವೋ, ಇದನ್ನು ಎಷ್ಟು ಸಲ ನೆನಪಿಸಿಕೊಂಡಿದ್ದೇನೆಂದರೆ ಈಗ ಎರಡೂ ನಿಜವೆನಿಸುತ್ತದೆ. ಮರುದಿನ ಗೋಡೆಯ ನಕ್ಷೆ ಇಳಿಯಿತು. ಅಂಟು ಬಿಡದೆ ಸುಣ್ಣವೂ ಕಿತ್ತುಬಂತು.

ನನಗೆ ಮದುವೆಯಾಗಿ ಬನಶಂಕರಿಯ ಕಡೆ ಮನೆ ಮಾಡಿ ಕೆಲವು ವರ್ಷಗಳಾದ ಮೇಲೆ, ಒಂದು ಅವರೆಕಾಯಿ ಕಾಲದಲ್ಲಿ, ಚಿಕ್ಕಪ್ಪ ತಮ್ಮ ಹಳೆಯ ಕಾಗದಗಳನ್ನು ನನಗೆ ಕೊಟ್ಟರು. "ನೀನಾದ್ರೂ ಓದಿದವಳು, ಇಟ್ಕೋ." ಅದರಲ್ಲಿ ಟೈಪಾದ ಯೋಜನೆಯ ಕಾರ್ಬನ್ ಪ್ರತಿ ಇತ್ತು. ಜಯನಗರದ ಮನೆಯ ಹಾಲಿನಲ್ಲೇ ಕೂತು ಬಿಚ್ಚಿದೆ. ಉಂಡೆಯ ಅಳತೆ, ಮೂರು ದಿನದ ಉಪಚಾರ, ನಾಲ್ಕನೆಯ ದಿನದ ವಿಷ, ಎಲ್ಲ ಇತ್ತು. ಮುಂದಿನ ಪುಟ ಮೂರನೆಯ ವರ್ಷದ ಮೀನುಗಾರರ ಒಪ್ಪಂದ. ಪುಟದ ಅಂಕಿಗಳು ಒಂದರ ಹಿಂದೆ ಒಂದು ಸರಿಯಾಗಿಯೇ ಇದ್ದವು. ಟೈಪು ಮಾಡಿದವರಿಗೆ ಸಿಕ್ಕ ಹಾಳೆಗಳಿಗೆ ಅವರು ಅಂಕಿ ಹಾಕಿದ್ದರು. ಹೆಣ ಎತ್ತುವ ಮಾತು ಎಲ್ಲೂ ಇರಲಿಲ್ಲ. ಮೇಲಿನವರು ಯಾರೋ ಮನೆಯ ಕಥೆ ಬೇಡವೆಂದು ತೆಗೆದಿರಬಹುದು. ಟೈಪಿಸ್ಟು ಕಳೆದಿರಬಹುದು. ಚಿಕ್ಕಪ್ಪನೇ ನನ್ನ ಮಾನಕ್ಕಾಗಿ ತೆಗೆದಿರಬಹುದು. ಅದನ್ನು ಯೋಚಿಸಲು ನನಗೆ ಧೈರ್ಯ ಸಾಲದು.

ಅವರು ನನ್ನ ಎದುರಿಗೇ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದರು. ಸೊಟ್ಟ ಮಣಿಕಟ್ಟಿನಿಂದ ಬಲ ಬರುತ್ತಿರಲಿಲ್ಲ, ಎಡಗೈ ಕಲಿತುಕೊಂಡಿತ್ತು. ಬೆರಳ ನಡುವೆ ಒತ್ತಿದರೆ ಬೇಳೆ ಸಿಪ್ಪೆಯಿಂದ ಜಾರಿ ಪಾತ್ರೆಗೆ ಬೀಳುತ್ತಿತ್ತು. ನಾನು ಕಾರ್ಬನ್ ಪ್ರತಿಯನ್ನು ಅದೇ ಪುಟದಲ್ಲಿ ತೆರೆದು ಅವರ ಮುಂದೆ ನೆಲದ ಮೇಲೆ ಇಟ್ಟೆ. ಅವರು ನೋಡಿದರು. ಓದಲು ಕನ್ನಡಕ ಬೇಕಿತ್ತು, ಕೇಳಲಿಲ್ಲ. ಒತ್ತಿದರು, ಬೇಳೆ ಬಿತ್ತು, ಸಿಪ್ಪೆ ಬೇರೆ ಇಟ್ಟರು. ನಾನು ಕೇಳಿದ್ದಕ್ಕೆ ಅವರು ಆ ದಿನ ಉತ್ತರ ಕೊಡಲಿಲ್ಲ, ಆಮೇಲೆ ಬಂದ ಯಾವ ದಿನವೂ ಕೊಟ್ಟಿಲ್ಲ.

"ಚಿಕ್ಕಪ್ಪ, ಆ ಹಾಳೆ ನಿಮ್ಮ ಕೈಗೆ ಕೊಟ್ಟಿದ್ನಾ ನಾನು?"